ಸ್ವ-ಇಚ್ಛೆಯಿಂದ

ಜಗಳವಾಡಲೆಂದೇ ಹೊರಟವಳಿಗೆ ದಾರಿ ಸವೆದದ್ದು ಗೊತ್ತಾಗುವುದಿಲ್ಲ. ಹಲ್ಲಕ್ಕ ಆ ಮಂಗಳವಾರ ಬಸ್ಸಿಗೂ ಕಾಯದೆ ಲ್ಯಾಬಿನಿಂದ ಕಾಲೇಜಿನವರೆಗೆ ನಡೆದೇ ಬಂದಳು. ಐದು ತಿಂಗಳಿಂದ ಹೊಟ್ಟೆಯೊಳಗೆ ಕಟ್ಟಿಟ್ಟಿದ್ದ ಮಾತುಗಳನ್ನು ದಾರಿಯುದ್ದಕ್ಕೂ ಒಂದೊಂದಾಗಿ ಬಿಚ್ಚಿ, ಮಸೆದು, ಮತ್ತೆ ಸಾಲಾಗಿ ಜೋಡಿಸಿಕೊಂಡಳು. ಮೊದಲು ಇದನ್ನು ಅನ್ನಬೇಕು, ಅವರು ಹೀಗಂದರೆ ಹಾಗನ್ನಬೇಕು, ಕೊನೆಗೆ ಒಂದು ಮಾತು ಎಸೆದು ಹಿಂತಿರುಗಿ ನೋಡದೆ ಬರಬೇಕು.

ಹಲ್ಲಕ್ಕ ಎನ್ನುವುದು ಅವಳ ಹೆಸರಲ್ಲ. ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಕೂತು ಕೂತು ಮೈಗೆ ಅಂಟಿದ್ದು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು, ಯಾರದೋ ಬಾಯಿಯ ಪಡಿಯಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹಲ್ಲು ಕೆತ್ತಿ, ಅಕ್ಕಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸಿ ಕಳಿಸುವುದು ಅವಳ ಕೆಲಸ. ಈ ಊರಲ್ಲಿ ಹತ್ತು ಜನ ನಕ್ಕರೆ ಅದರಲ್ಲಿ ಒಬ್ಬರು ನನ್ನ ಕೈಕೆಲಸ ತೋರಿಸಿಕೊಂಡೇ ನಗುತ್ತಾರೆ ಎಂದು ಅವಳು ತಮಾಷೆಗೆ ಹೇಳುವುದಿತ್ತು. ಆದರೆ ಡಬ್ಬಿಯ ಮೇಲಿನ ಚೀಟಿಯಲ್ಲಿ 'ತಯಾರಿಸಿದವರು' ಎಂಬಲ್ಲಿ ಇರುತ್ತಿದ್ದ ಸಹಿ ಮಾಲೀಕರದು. ಡಿಪ್ಲೊಮಾ ಇದ್ದದ್ದು ಅವರಿಗೆ. ಬರುವ ವರ್ಷದಿಂದ ಡಿಪ್ಲೊಮಾ ಇಲ್ಲದವರು ಹಲ್ಲು ಮುಟ್ಟುವಂತಿಲ್ಲ, ಪ್ಲಾಸ್ಟರ್ ಕಲಸಬಹುದು, ಬಟ್ಟಲು ತೊಳೆಯಬಹುದು, ಅಷ್ಟೇ ಎಂದು ಹೊಸ ಆದೇಶ ಬಂದಿತ್ತು. ತಾನು ಕೂರುತ್ತಿದ್ದ ಬೆಂಚಿನಲ್ಲಿ ನಿನ್ನೆ ಮೊನ್ನೆ ಬಂದವರು ಕೂತು, ತಾನು ಅವರ ಬಟ್ಟಲು ತೊಳೆಯುವುದು! ಆ ಚಿತ್ರ ಕಣ್ಣಮುಂದೆ ಬಂದ ದಿನವೇ ಅವಳು ನಲವತ್ತನಾಲ್ಕನೇ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿದ್ದಳು.

ಹನ್ನೊಂದು ವಿಷಯಗಳಲ್ಲಿ ಹತ್ತು ಪಾಸಾಗಿತ್ತು. ಉಳಿದದ್ದು ಒಂದೇ, ದಂತ ಸಾಮಗ್ರಿ ವಿಜ್ಞಾನ. ಮೊದಲ ಸಲ ನಾಲ್ಕು ಅಂಕದಲ್ಲಿ ಹೋಯಿತು. ಎರಡನೇ ಸಲ ಅರ್ಧ ದಾರಿಯಲ್ಲಿದ್ದಾಗ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೂರು ವಾರಕ್ಕೆ ರಜೆ ಚೀಟಿ ಬರೆದುಕೊಟ್ಟು ಹೋದವಳು ವಾಪಸು ಬಂದರೆ ಹಾಜರಿ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

"ಹಾಜರಿ ಸಾಲದು ಅಂತ ತೆಗೆದ್ಹಾಕಿದಾರೆ. ನಾನೇ ಹೋಗಿ ಕೇಳ್ಕೊಂಡೆ. ಕಲ್ಲಾದ್ರೂ ಕರಗೀತು, ಅವರು ಕರಗಲಿಲ್ಲ" ಎಂದು ಗಂಡ ಹೇಳಿದ್ದ.

ಅಂದಿನಿಂದ ಐದು ತಿಂಗಳು ಅವಳು ಕಾಲೇಜಿಗೆ ಶಾಪ ಹಾಕಿದ್ದಳು. ಈಗ ಹೊಸ ಸೆಮಿಸ್ಟರಿಗೆ ಹೆಸರು ಕೊಡಲು ಹೋದರೆ ಕಂಪ್ಯೂಟರು ಒಪ್ಪುತ್ತಿಲ್ಲ ಎಂದು ಫೋನಿನಲ್ಲಿ ಯಾರೋ ಹೇಳಿದ್ದರು. ಅದಕ್ಕೇ ಈ ನಡಿಗೆ.

ನೋಂದಣಿ ಕೌಂಟರಿನ ಕಿಟಕಿಯ ಹಿಂದೆ ದಪ್ಪ ಕನ್ನಡಕದ ಗುಮಾಸ್ತೆ ಕೂತಿದ್ದಳು.

"ನನ್ನ ಹೆಸರು ತೆಗೆದುಹಾಕಿದ್ದು ಯಾರು? ಮೊದಲು ಅವರನ್ನ ಕರೀರಿ" ಎಂದಳು ಹಲ್ಲಕ್ಕ. "ರಜೆ ಚೀಟಿ ಕೊಟ್ಟೇ ಹೋಗಿದ್ದೆ ನಾನು. ಬರೋಷ್ಟರಲ್ಲಿ ಹೆಸರು ಮಾಯ. ಈಗ ಸೇರ್ಕೋತೀನಿ ಅಂದ್ರೆ ಆಗಲ್ವಂತೆ. ಏನ್ರೀ, ಕಾಲೇಜೇನು ನಿಮ್ಮ ಮನೆ ಆಸ್ತಿನಾ?"

"ನಮ್ಮನೆ ಆಸ್ತಿ ಆಗಿದ್ರೆ ಈ ಕಿಟಕಿಗೆ ಒಂದು ಫ್ಯಾನಾದ್ರೂ ಹಾಕಿಸ್ಕೋತಿದ್ದೆ" ಎಂದಳು ಗುಮಾಸ್ತೆ, ತಲೆಯೆತ್ತದೆ. ನೋಂದಣಿ ಸಂಖ್ಯೆ ಕೇಳಿ ಕೀಲಿಮಣೆ ಕುಟ್ಟಿದಳು. "ಎರಡು ಸಲ ಆಯ್ತಲ್ಲಮ್ಮ ನಿಮಗೆ. ಒಂದ್ಸಲ ಫೇಲು. ಇನ್ನೊಂದ್ಸಲ ವಿತ್‌ಡ್ರಾ, ಹತ್ತನೇ ವಾರದಲ್ಲಿ. ಎಂಟನೇ ವಾರದೊಳಗೆ ಬಿಟ್ಟಿದ್ರೆ ಲೆಕ್ಕಕ್ಕೆ ಬರ್ತಿರಲಿಲ್ಲ. ಆಮೇಲೆ ಬಿಟ್ರೆ ಪರೀಕ್ಷೆ ಬರೆದು ಫೇಲಾದ ಹಾಗೇನೇ. ಒಬ್ರಿಗೆ ಎರಡೇ ಪ್ರಯತ್ನ."

"ನಾನೆಲ್ಲಿ ಬಿಟ್ಟೆ? ನೀವು ತೆಗೆದ್ರಿ!"

"ನಾವು ಯಾರನ್ನೂ ತೆಗೆಯಲ್ಲ. ಹಾಜರಿ ಸಾಲದೇ ಇದ್ರೆ ಪರೀಕ್ಷೆಗೆ ಕೂರಿಸಲ್ಲ, ಹೆಸರು ಇದ್ದೇ ಇರುತ್ತೆ. ಹೆಸರು ಹೋಗ್ಬೇಕು ಅಂದ್ರೆ ಅವರವರೇ ಬರೆದು ಕೊಡ್ಬೇಕು. ನೀವೂ ಕೊಟ್ಟಿದೀರಿ."

"ಸುಳ್ಳು!"

ಗುಮಾಸ್ತೆ ಎದ್ದು ಹೋದಳು. ಕಬ್ಬಿಣದ ಕಪಾಟು ಕಿರ್ರೆಂದಿತು. ಬಂದು ಒಂದು ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು.

ವಿಷಯ ಹಿಂತೆಗೆತದ ಅರ್ಜಿ. ಕಾರಣ ಎಂಬಲ್ಲಿ ಒಂದೇ ವಾಕ್ಯ: ಅತ್ತೆಯವರ ಅನಾರೋಗ್ಯದಿಂದ ಕೌಟುಂಬಿಕ ಜವಾಬ್ದಾರಿ ಹೆಚ್ಚಿರುವುದರಿಂದ ಸ್ವ-ಇಚ್ಛೆಯಿಂದ ಈ ವಿಷಯವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಹಲ್ಲಕ್ಕ ವಾಕ್ಯವನ್ನು ಓದುವ ಮೊದಲೇ ಅಕ್ಷರಗಳನ್ನು ಗುರುತಿಸಿದಳು. ಬೆನ್ನು ನೇರ ಮಾಡಿಕೊಂಡು, ಒಂದಕ್ಕೊಂದು ತಾಕದೆ, ತಲೆಕಟ್ಟು ಒಂದೇ ಗೆರೆಗೆ ನಿಂತ ಅಕ್ಷರಗಳು. ಅವಳ ಗಂಡ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ ಅವನ ಅಕ್ಷರಗಳಿದ್ದವು. ಕುಂಚ ಹಿಡಿದರೂ ಅಷ್ಟೇ, ಪೆನ್ನು ಹಿಡಿದರೂ ಅಷ್ಟೇ, ಅವನಿಗೆ ಕೆಟ್ಟದಾಗಿ ಬರೆಯಲು ಬರುತ್ತಿರಲಿಲ್ಲ. ಕೆಳಗಿದ್ದ ಸಹಿ ಅವಳದು. ಅವಳದು ಎಂದರೆ ಅವಳ ಹೆಸರಿನದು. ಆದರೆ ಕೊನೆಯ ಅಕ್ಷರದ ಬಾಲವನ್ನು ಅಷ್ಟು ಚೆಂದವಾಗಿ ಸುತ್ತಿ ಕೆಳಗೆ ಗೆರೆ ಎಳೆಯುವುದು ಮಗಳು.

ಮಸೆದು ತಂದ ಮಾತುಗಳೆಲ್ಲ ಬಾಯಲ್ಲೇ ಮೊಂಡಾದವು.

"ನೀರು ಬೇಕಾ?" ಎಂದಳು ಗುಮಾಸ್ತೆ, ಈ ಸಲ ತಲೆಯೆತ್ತಿ. "ಮೂರನೇ ಸಲಕ್ಕೆ ಸಮಿತಿಗೆ ಅರ್ಜಿ ಹಾಕ್ಬಹುದು. ಶುಕ್ರವಾರ ನಾಲ್ಕಕ್ಕೆ ಕೂರುತ್ತೆ. ಅವತ್ತೇ ಆರಕ್ಕೆ ಮೊದಲ ಕ್ಲಾಸು. ಕೈಮೀರಿದ ಕಾರಣ ಅಂತ ತೋರಿಸ್ಬೇಕು. ಸಮಿತಿ ಬೇಡ ಅಂದ್ರೆ ಮುಗೀತು, ಡಿಪ್ಲೊಮಾ ಆಸೆ ಬಿಡ್ಬೇಕು."

ಹೊರಗೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಕಾರಿಡಾರಿನ ಗೋಡೆಯ ಮೇಲಿನ ನಿಯಮಗಳ ಬೋರ್ಡು. ದಿನವೂ ಅದರ ಮುಂದೆಯೇ ಓಡಾಡುತ್ತಿದ್ದಳು. ಬಿಳಿ ಹಲಗೆಯ ಮೇಲೆ ನೀಲಿ ಅಕ್ಷರ, ಒಟ್ಟು ಒಂಬತ್ತು ನಿಯಮ. ಆರನೆಯದು: ಎಂಟನೇ ವಾರದ ನಂತರ ಹಿಂತೆಗೆದುಕೊಂಡ ವಿಷಯವನ್ನು ಒಂದು ಪ್ರಯತ್ನವೆಂದು ಪರಿಗಣಿಸಲಾಗುವುದು. ಒಂಬತ್ತನೆಯದು: ದಾಖಲೆಗಳಲ್ಲಿ ನಕಲಿ ಸಹಿ ಮಾಡಿದ ವಿದ್ಯಾರ್ಥಿಯನ್ನು ಕಾಲೇಜಿನಿಂದ ವಜಾ ಮಾಡಲಾಗುವುದು.

ಎರಡು ವರ್ಷದ ಹಿಂದೆ ಈ ಬೋರ್ಡು ಬರೆದವನು ಅವಳ ಗಂಡ. ಮಗಳು ಇದೇ ಕಾಲೇಜಿನಲ್ಲಿ ಹಗಲಿನ ತರಗತಿಯ ಕೊನೆಯ ವರ್ಷದಲ್ಲಿದ್ದಳು.

ಹಲ್ಲಕ್ಕನ ಕಿವಿಯ ತುದಿಯಿಂದ ಹಿಡಿದು ಉಗುರಿನವರೆಗೆ ಉರಿ ಹತ್ತಿತು. ಅವಳಿಗೆ ಸಿಟ್ಟು ಹೊಸದಲ್ಲ. ಆದರೆ ಅದುವರೆಗಿನ ಸಿಟ್ಟುಗಳೆಲ್ಲ ಹಾಲು ಉಕ್ಕಿದ ಹಾಗೆ ಬಂದು, ಉರಿ ತಗ್ಗಿಸಿದೊಡನೆ ಇಳಿಯುವಂಥವು. ಇದು ಪ್ಲಾಸ್ಟರಿನ ಹಾಗೆ. ನಿಮಿಷ ನಿಮಿಷಕ್ಕೂ ಗಟ್ಟಿಯಾಗುತ್ತಿತ್ತು.

*

ಗಂಡ ಮುಂಬಾಗಿಲ ಪಕ್ಕದ ಜಗಲಿಯಲ್ಲಿ ಒಂದು ಕ್ಷೌರದ ಅಂಗಡಿಯ ಹಲಗೆಗೆ ಕೆಂಪು ತುಂಬುತ್ತಿದ್ದ. ಅವಳು ಚಪ್ಪಲಿ ಬಿಡದೆಯೇ ನಿಂತಳು.

"ನನ್ನ ಇಚ್ಛೆ ನಿಮ್ಮ ಹತ್ರ ಯಾವಾಗಿಂದ ಇದೆ?"

"ಏನಾಯ್ತೇ?"

"ಅತ್ತೆಯವರ ಅನಾರೋಗ್ಯದಿಂದ, ಸ್ವ-ಇಚ್ಛೆಯಿಂದ ಅಂತ ಬರೆದಿದೀರಲ್ಲ, ಅಷ್ಟು ದುಂಡಗೆ. ಯಾರ ಇಚ್ಛೆ ಅದು?"

ಕುಂಚ ಹಲಗೆಯ ಮೇಲೇ ನಿಂತಿತು. ಅವನು ಸುಳ್ಳು ಹೇಳಲು ಹೋಗಲಿಲ್ಲ. ಸಿಕ್ಕಿಬಿದ್ದಾಗ ಮೆತ್ತಗಾಗುವ ಜಾತಿಯ ಗಂಡಸು. ಹಲ್ಲಕ್ಕನಿಗೆ ಎಷ್ಟೋ ಸಲ, ಈ ಮನುಷ್ಯ ಒಮ್ಮೆಯಾದರೂ ಕೂಗಾಡಿದ್ದರೆ ತನಗೆ ಜಗಳವಾಡಲು ಒಂದು ಗೋಡೆಯಾದರೂ ಸಿಗುತ್ತಿತ್ತು ಎನ್ನಿಸುತ್ತಿತ್ತು. ಇವನೋ ಹತ್ತಿಯ ಮೂಟೆ. ಗುದ್ದಿದರೆ ಗುದ್ದಿದವರ ಕೈಯೇ ಒಳಗೆ ಹೋಗುತ್ತದೆ.

"ಮೊದಲನೇ ಸಲ ಫೇಲಾದಾಗ ನೀನು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ" ಎಂದ. "ನನಗೆ ಕೇಳಿಸ್ತು. ಮೂರು ವಾರ ಕ್ಲಾಸು ತಪ್ಪಿತ್ತು. ಮತ್ತೆ ಹೋಗುತ್ತೆ ಅಂತ ಗೊತ್ತಿತ್ತು. ನೀನು ಮತ್ತೆ ಹಾಗೆ ಅಳೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ನಿನ್ನ ಒಳ್ಳೇದಕ್ಕೇ..."

"ಫೇಲಾಗ್ತೀನಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಬೇಕಾ? ಅಡುಗೆಮನೆಲಿ ಪುಸ್ತಕ ಇಟ್ಕೊಂಡು ನಿದ್ದೆ ಮಾಡ್ತಿದ್ದೆ."

"ಬೆಳಿಗ್ಗೆ ಲ್ಯಾಬು, ಮಧ್ಯಾಹ್ನ ಆಸ್ಪತ್ರೆ, ಸಂಜೆ ನಿಮ್ಮೆಲ್ಲರ ತಟ್ಟೆ. ನಿದ್ದೆ ಬರದೇ ಏನು ಬರುತ್ತೆ? ಆ ತಟ್ಟೆಗಳಲ್ಲಿ ಒಂದನ್ನ ತೊಳೆದಿಟ್ಟಿದ್ರೆ ಅದು ಒಳ್ಳೇದು. ಅದು ಬಿಟ್ಟು ನನ್ನನ್ನೇ ತೊಳೆದು ಎತ್ತಿಟ್ರಿ. ಅದೂ ಒಂದು ಪ್ರಯತ್ನ ಅಂತ ಲೆಕ್ಕವಂತೆ, ಇನ್ನು ಸಮಿತಿ ಒಪ್ಪಿದ್ರೇ ಸೀಟು."

"ಆಮೇಲೆ ಸೇರ್ಕೋಬಹುದು ಅಂದ್ಕೊಂಡೆ ಕಣೇ. ಹೀಗೆ ಲೆಕ್ಕಕ್ಕೆ ಬರುತ್ತೆ ಅಂತ ನನಗೇನು ಗೊತ್ತು?"

"ಆರನೇ ನಿಯಮ ನೀನೇ ಬರೆದಿದ್ದೀಯ. ಗೋಡೆ ಮೇಲಿದೆ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಹುವಚನ ಉದುರಿಹೋದದ್ದನ್ನು ಇಬ್ಬರೂ ಗಮನಿಸಿದರು. ಯಾರೂ ಹೆಕ್ಕಿಕೊಡಲು ಹೋಗಲಿಲ್ಲ.

"ಬರೆಯೋವಾಗ ನಾನು ಓದಲ್ಲ" ಎಂದ ಅವನು, ಸಣ್ಣ ದನಿಯಲ್ಲಿ. "ಅಕ್ಷರ ನೋಡ್ತೀನಿ ಅಷ್ಟೇ. ಅಂತರ ಸರಿ ಇದೆಯಾ, ಗೆರೆ ಸೊಟ್ಟಗಾಯ್ತಾ ಅಂತ."

ಅದು ನಿಜವಿರಬಹುದು ಎಂದೂ ಅವಳಿಗೆ ಅನ್ನಿಸಿತು. ಅದರಿಂದ ಸಿಟ್ಟು ಒಂದು ತೂಕ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಓದಿ ಮಾಡಿದ್ದರೆ ದ್ರೋಹ. ಓದದೆ ಮಾಡಿದ್ದರೆ, ಅವಳ ಎರಡು ವರ್ಷದ ಓದು ಅವನ ಪಾಲಿಗೆ ಓದಿ ನೋಡುವಷ್ಟೂ ಬೆಲೆ ಇಲ್ಲದ ಬೋರ್ಡು.

ಒಳಗಿನಿಂದ ಅತ್ತೆಯ ಊರುಗೋಲು ಟಕಟಕ ಎಂದಿತು. ಬಾಗಿಲಿಗೆ ಬಂದು ನಿಂತ ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಅದು, ನನ್ನ ಅನಾರೋಗ್ಯದಿಂದ ಅಂತ ಬರೆದ್ಯಾ? ನನ್ನ ಸೊಂಟ ಮುರಿದಿದ್ದು ನಿಜ. ಅವಳ ಓದು ಮುರಿ ಅಂತ ನಾನೆಲ್ಲಿ ಹೇಳಿದ್ದೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

"ನೀನು ಸುಮ್ನಿರಮ್ಮ."

"ಸುಮ್ನಿದ್ದಿದ್ದಕ್ಕೇ ನನ್ನ ಹೆಸರು ಹಾಕ್ಕೊಂಡಿದೀಯ" ಎಂದು ಅತ್ತೆ ಊರುಗೋಲು ತಿರುಗಿಸಿಕೊಂಡು ಒಳಗೆ ಹೋದರು.

ಮಗಳು ತನ್ನ ಕೋಣೆಯಲ್ಲಿ, ಎಲ್ಲವನ್ನೂ ಕೇಳಿಸಿಕೊಂಡು ಪುಸ್ತಕ ತಲೆಕೆಳಗಾಗಿ ಹಿಡಿದವಳ ಹಾಗೆ ಕೂತಿದ್ದಳು.

"ಅಪ್ಪ ಫಾರಂ ತಂದ್ರು. ಅಮ್ಮ ಒಪ್ಪಿದಾಳೆ, ಆಸ್ಪತ್ರೆ ಓಡಾಟದಲ್ಲಿ ಪುರುಸೊತ್ತಿಲ್ಲ, ನೀನೇ ಹಾಕು ಅಂದ್ರು" ಎಂದಳು. "ನಾನು ಯಾವಾಗ್ಲೂ ಹಾಕ್ತೀನಲ್ಲಮ್ಮ."

ಯಾವಾಗಲೂ ಹಾಕುತ್ತಿದ್ದಳು. ಅದು ಈ ಮನೆಯ ಪದ್ಧತಿ. ಮೂರನೇ ಕ್ಲಾಸಿನಿಂದ ಮಗಳು ಶಾಲೆ ಬಿಟ್ಟು ನೇರ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅಂಕಪಟ್ಟಿಗೆ ಸಹಿ ಬೇಕು ಎಂದರೆ ತಾಯಿಯ ಕೈತುಂಬ ಒದ್ದೆ ಪ್ಲಾಸ್ಟರ್. ಕಲಸಿದ ಪ್ಲಾಸ್ಟರ್ ಯಾರಿಗೂ ಕಾಯುವುದಿಲ್ಲ, ಐದು ನಿಮಿಷ ಬಿಟ್ಟರೆ ಬಟ್ಟಲಲ್ಲೇ ಕಲ್ಲು. "ನೀನೇ ಹಾಕ್ಕೋ ಪುಟ್ಟಿ" ಎಂದು ಅಂದು ಶುರುವಾದದ್ದು ಪ್ರವಾಸದ ಒಪ್ಪಿಗೆ, ಪಾರ್ಸಲಿನ ಚೀಟಿ, ಬ್ಯಾಂಕಿನ ಕಾಗದ ಎಂದು ಬೆಳೆದು, ಈ ಸಂಜೆ ಕಾಲೇಜಿನ ಪ್ರವೇಶದ ಅರ್ಜಿಯವರೆಗೂ ಬಂದಿತ್ತು. ತನ್ನ ಸಹಿಯನ್ನು ತಾನೇ ಕೈಯಾರೆ ಕೊಟ್ಟು ಮರೆತಿದ್ದಳು ಹಲ್ಲಕ್ಕ.

"ಸುಳ್ಳು ಅಂತ ಯಾವಾಗ ಗೊತ್ತಾಯ್ತು?"

ಮಗಳು ಪುಸ್ತಕದ ಹಾಳೆಯ ಅಂಚು ಮಡಿಚಿದಳು.

"ಯಾವಾಗ ಅಂತ ಕೇಳ್ದೆ."

"ನೀನು ಕಾಲೇಜಿನವರಿಗೆ ಬಯ್ಯೋಕೆ ಶುರು ಮಾಡಿದ್ಯಲ್ಲ. ಅವತ್ತೇ."

"ಐದು ತಿಂಗಳು! ನಾನು ಆ ಕೌಂಟರಿನವಳ ವಂಶಕ್ಕೆಲ್ಲ ಶಾಪ ಹಾಕ್ತಾ ಇದ್ರೆ, ಎದುರಿಗೆ ಕೂತು ಉಣ್ತಾ ಇದ್ಯಲ್ಲೇ!"

"ಹೇಳಿದ್ರೆ ನೀನೂ ಅಪ್ಪನೂ..." ಮಗಳ ಕಣ್ಣು ತುಂಬಿತು. "ಅಮ್ಮ, ಸಮಿತಿ ಮುಂದೆ ನನ್ನ ಹೆಸರು ಹೇಳ್ತೀಯಾ?"

"ಹೇಳಲ್ಲ. ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡ."

ರಾತ್ರಿ ಊಟಕ್ಕೆ ಕೂತಾಗ ಗಂಡ ಆಸ್ಪತ್ರೆಯ ಫೈಲನ್ನು ಅವಳ ಮುಂದೆ ಸರಿಸಿದ. "ಇದನ್ನ ಕೊಡು. ಮನೆಯವರ ಅನಾರೋಗ್ಯ ಅಂದ್ರೆ ಸಮಿತಿ ಎರಡು ಮಾತಾಡಲ್ಲ, ಸೀಟು ಕೊಡುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಅವಳು ಫೈಲು ತೆರೆದು ತಾರೀಖು ನೋಡಿದಳು. ಅರ್ಜಿ ಕೊಟ್ಟದ್ದು ಅತ್ತೆ ಮನೆಗೆ ಬಂದ ಒಂಬತ್ತನೇ ದಿನ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಓಡಾಡುತ್ತಿದ್ದರು. ಎರಡು ದಿನ ಕಳೆದರೆ ಹಲ್ಲಕ್ಕ ಕ್ಲಾಸಿಗೆ ಹೊರಡುವವಳಿದ್ದಳು. ಬೇಕಿದ್ದರೆ ಸಮಿತಿಯವರು ತಾರೀಖು ನೋಡದೆಯೇ ಒಪ್ಪಿಯಾರು. ಆದರೆ ಆ ಕಾಗದ ಕೊಟ್ಟರೆ, ಹೌದು, ನಾನೇ ಬಿಟ್ಟೆ, ಮನೆಗಾಗಿ ಬಿಟ್ಟೆ ಎಂದು ತನ್ನ ಬಾಯಿಂದಲೇ ಹೇಳಿದಂತೆ. ಗಂಡ ಬರೆದ ಸುಳ್ಳಿಗೆ ಈ ಸಲ ನಿಜವಾದ ಸಹಿ.

"ಕೋಲು ಮುರೀಲಿ" ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು. ತನ್ನ ತಟ್ಟೆಯೊಂದನ್ನು ಮಾತ್ರ.

*

ಶುಕ್ರವಾರ ಗಂಡ ಕರೆಯದಿದ್ದರೂ ಜೊತೆಗೆ ಬಂದ. ಕಂಕುಳಲ್ಲಿ ಆಸ್ಪತ್ರೆಯ ಫೈಲು. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾದರೆ ಇರಲಿ ಎಂದು. ಅವನನ್ನು ಕಾರಿಡಾರಿನ ಬೆಂಚಿನಲ್ಲಿ ಬಿಟ್ಟು, ಫೈಲಿನಿಂದ ಆಸ್ಪತ್ರೆ ಬಿಟ್ಟ ದಿನದ ಚೀಟಿಯೊಂದನ್ನು ಮಾತ್ರ ಎಳೆದುಕೊಂಡು ಅವಳು ಒಳಗೆ ಹೋದಳು.

ಉದ್ದನೆಯ ಮೇಜು. ನಡುವೆ ಡೀನ್, ಪಕ್ಕದಲ್ಲಿ ದಂತ ಸಾಮಗ್ರಿ ಪಾಠ ಮಾಡುವ ಮೇಡಂ, ತುದಿಯಲ್ಲಿ ಟಿಪ್ಪಣಿ ಬರೆದುಕೊಳ್ಳಲು ಅದೇ ಕನ್ನಡಕದ ಗುಮಾಸ್ತೆ. ಡೀನ್ ಅವಳ ಅರ್ಜಿಯನ್ನು ದೂರ ಹಿಡಿದು ಓದಿದರು. ಸ್ವಂತ ಅನಾರೋಗ್ಯ, ಕುಟುಂಬದವರ ಅನಾರೋಗ್ಯ, ಮರಣ, ವರ್ಗಾವಣೆ, ಇತರೆ ಎಂದು ಐದು ಚೌಕ. ಅವಳು ಗುರುತು ಹಾಕಿದ್ದು ಕೊನೆಯದಕ್ಕೆ.

"ಇತರೆ ಅಂದ್ರೆ?"

"ನಾನು ವಿಷಯ ಬಿಟ್ಟಿಲ್ಲ ಸರ್. ಆ ಅರ್ಜಿ ನಾನು ಕೊಟ್ಟಿದ್ದಲ್ಲ."

"ಸಹಿ ಇದೆಯಲ್ಲಮ್ಮ."

"ಅದು ನನ್ನದಲ್ಲ."

"ಸರಿ, ನಿಮ್ಮದು ಹಾಕಿ ತೋರಿಸಿ."

ಅವಳು ಸಹಿ ಹಾಕಿದಳು. ಡೀನ್ ಫೈಲಿನಿಂದ ಪ್ರವೇಶದ ಅರ್ಜಿ ತೆಗೆದು ಮೂರನ್ನೂ ಸಾಲಾಗಿ ಇಟ್ಟರು. ಅವರ ತುಟಿಯ ಅಂಚಿನಲ್ಲಿ ನಗು ಸುಳಿಯಿತು.

"ಪ್ರವೇಶದ ಸಹಿ, ಹಿಂತೆಗೆತದ ಸಹಿ ಎರಡೂ ತದ್ರೂಪ. ಈಗ ಹಾಕಿದ್ದೇ ಬೇರೆ. ದಾಖಲೆ ಪ್ರಕಾರ ನೀವೇ ನೀವಲ್ಲ!"

ಹಲ್ಲಕ್ಕ ಮೇಜಿನ ಮೇಲೆ ಬಗ್ಗಿ ನೋಡಿದಳು. ಅವಳು ಇದನ್ನು ಯೋಚಿಸಿರಲಿಲ್ಲ. ಮೂರು ಸಹಿಗಳಲ್ಲಿ ಸೊಟ್ಟದ್ದು, ನಡುಗಿದ್ದು, ಅಭ್ಯಾಸ ತಪ್ಪಿದ್ದು ತನ್ನದೇ. ಎರಡು ಚೆಂದದ ಸಹಿಗಳು ಒಂದಕ್ಕೊಂದು ಸಾಕ್ಷಿಯಾಗಿ ನಿಂತು ಅವಳನ್ನೇ ಸುಳ್ಳಿ ಮಾಡಿದ್ದವು. ಬಾಯಿ ಬಿಟ್ಟರೆ ಮಗಳು ಹೋಗುತ್ತಾಳೆ, ಬಿಡದಿದ್ದರೆ ತಾನು. ಅತ್ತ ದರಿ, ಇತ್ತ ಪುಲಿ.

"ಸಹಿ ಬಿಡಿ ಸರ್" ಎಂದಳು. ತನ್ನ ದನಿ ಗಟ್ಟಿಯಾಗಿದ್ದದ್ದು ಅವಳಿಗೇ ಆಶ್ಚರ್ಯ. "ಮೇಲಿನ ಸಾಲು ನೋಡಿ. ಆ ಅಕ್ಷರ ನನ್ನದಾ? ಮೊದಲ ಸಲದ ಉತ್ತರಪತ್ರಿಕೆ ಇದೆಯಲ್ಲ, ಮೇಡಂ ನೋಡಿದಾರಲ್ಲ, ನನ್ನ ಅಕ್ಷರ ಹೇಗಿದೆ ಅಂತ ಅವರೇ ಹೇಳಲಿ."

"ಕಾಗೆ ಕಾಲು, ಗುಬ್ಬಿ ಕಾಲು" ಎಂದರು ಮೇಡಂ ತಟ್ಟನೆ.

"ಈ ಅಕ್ಷರ ಎಲ್ಲಿದೆ ಅಂದ್ರೆ, ಬಾಗಿಲು ತೆಗೆದು ಎಡಕ್ಕೆ ನೋಡಿ. ಗೋಡೆ ಮೇಲಿದೆ. ಅದರ ಕೆಳಗೆ ಬೆಂಚಿನ ಮೇಲೆ ಅದನ್ನ ಬರೆದವರೂ ಕೂತಿದಾರೆ."

ಡೀನ್ ಗೊಣಗುತ್ತಿದ್ದಂತೆ ಮೇಡಂ ಹಿಂತೆಗೆತದ ಕಾಗದ ಹಿಡಿದುಕೊಂಡು ಎದ್ದರು. ಕಾರಿಡಾರಿನಲ್ಲಿ ಅವರ ಹೆಜ್ಜೆ ಹೋಗಿ ನಿಂತದ್ದು ಕೇಳಿಸಿತು. ಬರುವಾಗ ಹಿಂದೆ ಹಲ್ಲಕ್ಕನ ಗಂಡನಿದ್ದ.

"ಇದು ನಿಮ್ಮ ಬರವಣಿಗೆನಾ?" ಎಂದು ಕೇಳಿದರು ಡೀನ್.

"ಹೌದು ಸರ್." ಅಕ್ಷರದ ವಿಷಯದಲ್ಲಿ ಅವನು ಸುಳ್ಳಾಡಲಾರ. "ಮನೆ ಪರಿಸ್ಥಿತಿ ಹಾಗಿತ್ತು ಸರ್. ನಮ್ಮಮ್ಮ ಬಿದ್ದಿದ್ರು. ಇವಳಿಗೂ ಒತ್ತಡ. ಎಲ್ಲರ ಅನುಕೂಲ ನೋಡಿ..." ಎಂದು ಫೈಲನ್ನು ಮೇಜಿನ ಮೇಲಿಟ್ಟ.

ಡೀನ್ ಮುಖ ಅರಳಿತು. "ಅದೇ ಮತ್ತೆ! ಆಸ್ಪತ್ರೆ ಕಾಗದ ಇದೆ, ಕುಟುಂಬದವರ ಅನಾರೋಗ್ಯ. ಇಷ್ಟಕ್ಕೆ ಇಷ್ಟೆಲ್ಲ ಯಾಕಮ್ಮ?" ಅವರ ಪೆನ್ನು ಎರಡನೇ ಚೌಕದ ಮೇಲೆ ಬಂದು ನಿಂತಿತು. ಒಂದು ಗೀಟು ಎಳೆದರೆ ಸೀಟು ಅವಳದು.

"ಅಲ್ಲಿ ಗುರುತು ಹಾಕ್ಬೇಡಿ."

"ನಿಮಗೆ ಅನುಕೂಲ ಆಗೋದನ್ನೇ ಮಾಡ್ತಿದೀನಿ ನಾನು."

"ನನಗೆ ಅನುಕೂಲ ಮಾಡೋವ್ರೇ ಜಾಸ್ತಿ ಆಗಿದಾರೆ ಸರ್. ಸಾಕು." ಅವಳು ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. "ಅತ್ತೆ ಮನೆಗೆ ಬಂದ ತಾರೀಖು ಇಲ್ಲಿದೆ. ಅರ್ಜಿ ತಾರೀಖು ಅಲ್ಲಿದೆ. ಮಧ್ಯೆ ಒಂಬತ್ತು ದಿನ. ಅನಾರೋಗ್ಯ ಅಂತ ಬರೆದ್ರೆ ಸುಳ್ಳು."

"ಹಾಗಾದ್ರೆ ನನಗೆ ಬೇರೆ ಆಧಾರ ಇಲ್ಲ. ಅರ್ಜಿ ತಿರಸ್ಕಾರ ಮಾಡ್ಬೇಕಾಗುತ್ತೆ" ಎಂದರು ಡೀನ್. ಈಗ ಅವರಿಗೂ ಸಿಟ್ಟು ಬಂದಿತ್ತು.

ಆಗ ಮೇಡಂ ಹಲ್ಲಕ್ಕನ ಗಂಡನ ಕಡೆ ತಿರುಗಿದರು. "ಒಂದೇ ಪ್ರಶ್ನೆ. ಇದನ್ನ ಕೊಟ್ಟಿದ್ದು ಇವರಿಗೆ ಗೊತ್ತಿತ್ತಾ?"

ಅವನು ಹೆಂಡತಿಯ ಕಡೆ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ನೆಂಟರ ಮುಂದೆ, ಮಗಳ ಶಾಲೆಯಲ್ಲಿ, ವೈದ್ಯರ ಕೋಣೆಯಲ್ಲಿ ಮಾತು ಸಿಗದಾಗಲೆಲ್ಲ ಅವನು ಹೀಗೆ ನೋಡುತ್ತಿದ್ದ, ಅವಳು ಅವನ ಬಾಯಿಗೆ ಮಾತು ಇಡುತ್ತಿದ್ದಳು. ಈ ಸಲ ಇಡಲಿಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಸೀಟು, ಬೆಂಚು, ಹತ್ತೊಂಬತ್ತು ವರ್ಷದ ಕೆಲಸ ಎಲ್ಲವೂ ಆ ಮನುಷ್ಯನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ.

"ಇಲ್ಲ" ಎಂದ ಅವನು. "ಗೊತ್ತಿರಲಿಲ್ಲ. ಕಾಲೇಜಿನವರೇ ತೆಗೆದ್ರು ಅಂತ ನಾನೇ ಸುಳ್ಳು ಹೇಳಿದ್ದೆ."

"ಸಹಿ?"

"ಅದೂ ನಾನೇ."

ಮೇಡಂ ಆ ನವಿರಾದ ಸಹಿಯನ್ನೂ, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಮೆತ್ತಿದ ಅವನ ದಪ್ಪ ಬೆರಳುಗಳನ್ನೂ ನೋಡಿದರು. ಪ್ರವೇಶದ ಅರ್ಜಿಯನ್ನು ಮೆಲ್ಲಗೆ ಫೈಲಿನೊಳಗೆ ಸೇರಿಸಿ ದಾರ ಕಟ್ಟಿದರು. ಮುಂದೆ ಕೇಳಲಿಲ್ಲ.

ಡೀನ್ ಬರೆದರು. ಮೂರನೆಯ ಮತ್ತು ಕೊನೆಯ ಪ್ರಯತ್ನಕ್ಕೆ ಅನುಮತಿ. ಈ ಸಲ ಯಾವ ವಾರದಲ್ಲೂ ಹಿಂತೆಗೆಯುವಂತಿಲ್ಲ. ಹಿಂದಿನ ನಮೂದು ಇದ್ದಂತೆಯೇ ಇರತಕ್ಕದ್ದು.

"ಸ್ವ-ಇಚ್ಛೆಯಿಂದ ಅಂತ ಇದೆಯಲ್ಲ, ಅದೂ ಇರುತ್ತಾ?" ಎಂದಳು ಹಲ್ಲಕ್ಕ. "ಸುಳ್ಳು ಅಂತ ಈಗಷ್ಟೇ ಕೇಳಿದ್ರಲ್ಲ?"

"ದಾಖಲೆ ತಿದ್ದೋ ಅಧಿಕಾರ ಸಮಿತಿಗಿಲ್ಲಮ್ಮ."

"ಸುಳ್ಳನ್ನ ಇಟ್ಕೊಳ್ಳೋ ಅಧಿಕಾರ ಇದೆ" ಎಂದಳು ಅವಳು. ಗುಮಾಸ್ತೆ ಟಿಪ್ಪಣಿಯಿಂದ ತಲೆಯೆತ್ತಿ, ಇದನ್ನೂ ಬರೆದುಕೊಳ್ಳಲೇ ಎಂಬಂತೆ ಡೀನ್ ಮುಖ ನೋಡಿದಳು.

*

ಕಾರಿಡಾರಿನಲ್ಲಿ ಗಂಡ ಹಿಂದೆ ಹಿಂದೆಯೇ ಬಂದ. ಮುಖದಲ್ಲಿ ಗೆದ್ದವರ ಜೊತೆ ಬಂದವನ ಕಳೆ.

"ಅಂತೂ ಸಿಕ್ತಲ್ಲ. ಮಗಳ ಹೆಸರು ಬರದ ಹಾಗೂ ನೋಡ್ಕೊಂಡೆ."

"ಬಟ್ಟಲು ಒಡೆದವನು ನೀನು. ಚೂರು ಆರಿಸಿದ್ದಕ್ಕೆ ಬಹುಮಾನ ಬೇಕಾ?"

ಅವನು ಉಗುರಿನ ಸಂದಿಯ ಬಣ್ಣ ಕೆರೆದುಕೊಂಡ. "ಈ ಸಲ ಪಾಸಾಗ್ತೀಯ ಅಲ್ವಾ?"

"ಗೊತ್ತಿಲ್ಲ. ಆಗದೇನೂ ಇರಬಹುದು. ಆದ್ರೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳಲ್ಲ. ಅಳೋದಿದ್ರೆ ನಡುಮನೇಲಿ ಕೂತು ಅಳ್ತೀನಿ. ನಿನಗೆ ನೋಡೋಕೆ ಆಗದೇ ಇದ್ರೆ ನೀನು ಎದ್ದು ಹೊರಗೆ ಹೋಗು. ನನ್ನನ್ನ ಎಬ್ಬಿಸಬೇಡ."

"ಕ್ಲಾಸು ಮುಗಿಯೋ ತನಕ ಕಾಯ್ತೀನಿ. ಒಟ್ಟಿಗೆ ಹೋಗೋಣ."

"ಬೇಡ. ಮನೆಗೆ ಹೋಗಿ ಅನ್ನಕ್ಕಿಡು."

ಅವನು ಹೋದದ್ದನ್ನು ಅವಳು ನೋಡಲಿಲ್ಲ. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕ್ಲಾಸಿನ ಬಾಗಿಲು ತೆರೆದೇ ಇತ್ತು. ಎಂದೂ ಹಿಂದಿನ ಬೆಂಚು ಹುಡುಕುತ್ತಿದ್ದವಳು ಅಂದು ಮೊದಲನೆಯದರಲ್ಲಿ ಕೂತಳು. ಸಿಟ್ಟು ಇನ್ನೂ ಇತ್ತು. ಅದಕ್ಕೂ ಪಕ್ಕದಲ್ಲಿ ಜಾಗ ಬಿಟ್ಟುಕೊಂಡೇ ಕೂತಂತಿತ್ತು ಅವಳು.

ಮಗಳ ವಯಸ್ಸಿನ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಮೇಡಂ ಬಂದರು. ಒಂದು ಗಂಟೆಯ ಹಿಂದೆ ಏನೂ ನಡೆದೇ ಇಲ್ಲವೆಂಬಂತೆ ಹಾಜರಿ ಕರೆದು, ಬಟ್ಟಲು ಎತ್ತಿ ತೋರಿಸಿ ಕೇಳಿದರು.

"ಪ್ಲಾಸ್ಟರಿಗೆ ಹಾಕೋ ನೀರು ಬಿಸಿಯಾದಷ್ಟೂ ಅದು ಬೇಗ ಗಟ್ಟಿಯಾಗುತ್ತೆ. ಹೌದೋ ಅಲ್ಲವೋ?"

ಹಲ್ಲಕ್ಕ ಕೈಯೆತ್ತಿದಳು. "ಹೌದು ಮೇಡಂ. ಚಳಿಗಾಲದಲ್ಲಿ ನಾವು ಬೆಚ್ಚಗಿನ ನೀರೇ ಹಾಕೋದು. ಬೇಗ ಕೂರುತ್ತೆ."

"ಬೆಚ್ಚಗಿನ ನೀರಿಗೆ ಸರಿ. 'ಬಿಸಿಯಾದಷ್ಟೂ' ಅಂದ್ರೆ ತಪ್ಪು" ಎಂದರು ಮೇಡಂ. "ಒಂದು ಮಿತಿ ದಾಟಿದ ಮೇಲೆ ನಿಧಾನವಾಗುತ್ತೆ. ಕುದಿಯೋ ನೀರು ಹಾಕಿದ್ರೆ ಗಟ್ಟಿಯಾಗೋದೇ ಇಲ್ಲ. ಯಾಕೆ ಅಂತ ಈಗ ನೋಡೋಣ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ತಪ್ಪು ಎಂಬ ಮಾತು ಹಲ್ಲಕ್ಕನ ಮುಖಕ್ಕೆ ಬಡಿದು, ಕೆನ್ನೆ ಬೆಚ್ಚಗಾಯಿತು. ಅವಳು ತಲೆ ತಗ್ಗಿಸಲಿಲ್ಲ. ಹತ್ತೊಂಬತ್ತು ವರ್ಷ ಪ್ಲಾಸ್ಟರ್ ಕಲಸಿದ ಕೈಗೆ ಗೊತ್ತಿಲ್ಲದ್ದು ಇನ್ನೂ ಇತ್ತಲ್ಲ ಎಂದುಕೊಂಡು ನೋಟ್‌ಬುಕ್ ತೆರೆದಳು. ತನ್ನ ಕಾಗೆಕಾಲು ಅಕ್ಷರದಲ್ಲಿ, ಪೆನ್ನು ಹಾಳೆಯ ಹಿಂಬದಿಗೆ ಮೂಡುವಷ್ಟು ಒತ್ತಿ, ತಪ್ಪನ್ನೂ ಬರೆದುಕೊಂಡಳು, ಅದರ ಕೆಳಗೆ ಸರಿಯನ್ನೂ.